ಜೇಬಿಲ್ಲದವಳ ಇಂಕು ಪೆನ್ನು

ಇನ್ನು ಮೇಲೆ ನಾನು ಇಂಕು ಪೆನ್ನಿನಲ್ಲೇ ಬರೆಯುವವಳು ಎಂದು ಊಟಕ್ಕೆ ಕೂತಾಗ ಘೋಷಿಸಿದೆ. ಸಿಂಹಾಸನ ಏರುವವರೂ ಇಷ್ಟು ಗಂಭೀರವಾಗಿ ಮಾತಾಡಿರಲಾರರು. ಮಗ ನೀರಿನ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ.

“ನೀನು ಬರೆಯೋದು ದಿನಕ್ಕೆ ನಾಲ್ಕು ಚೀಟಿ ಅಮ್ಮ.”

“ನಾಲ್ಕೇ ಆಗಲಿ. ನೋಡಿದವರು ‘ಯಾರಪ್ಪ ಇದನ್ನ ಬರೆದದ್ದು’ ಅನ್ನಬೇಕು.”

“‘ಪ್ಯಾಂಟು, ಉದ್ದ ಜಾಸ್ತಿ’ ಅಂತ ಬರೆದದ್ದನ್ನ ನೋಡಿ ಯಾರು ಹಾಗಂತಾರೆ?”

“ಪ್ಯಾಂಟಿನವನು ಅಂತಾನೆ. ನೀನು ಊಟ ಮಾಡು.”

ನನ್ನ ಕಸುಬು ಬಟ್ಟೆ ಸರಿಮಾಡುವುದು. ಹೊಸದು ಹೊಲಿಯುವುದಿಲ್ಲ, ಮೈಗೆ ಆಗದ ಬಟ್ಟೆಯನ್ನು ಆಗುವ ಹಾಗೆ ಮಾಡಿಕೊಡುತ್ತೇನೆ. ಅಕ್ಷರ ಬಾರದ ಕಾಲದಲ್ಲಿ ಬಟ್ಟೆಗೆ ದಾರದ ಗಂಟು ಹಾಕಿ ಗುರುತಿಟ್ಟುಕೊಳ್ಳುತ್ತಿದ್ದೆ. ಕೆಂಪು ಗಂಟು ಇದ್ದರೆ ಉದ್ದ ಕತ್ತರಿಸು, ಹಸಿರು ಇದ್ದರೆ ಸೊಂಟ ಬಿಡು. ಈಗ ಚೀಟಿ ಬರೆದು ಗುಂಡುಪಿನ್ನು ಚುಚ್ಚುತ್ತೇನೆ. ಅಕ್ಷರ ಕಲಿಸಿದವಳು ಸೊಸೆ. ವಯಸ್ಸಿನಲ್ಲಿ ನನಗೆ ಮಗಳು, ವಿದ್ಯೆಯಲ್ಲಿ ಗುರು, ಕೋಪ ಬಂದರೆ ಅತ್ತೆ.

ಬಾಲ್‌ಪೆನ್ನನ್ನು ಒತ್ತಿ ಒತ್ತಿ ನನ್ನ ಬೆರಳ ಗೆಣ್ಣು ನೋಯುತ್ತದೆ, ಚೀಟಿಯೂ ಹರಿಯುತ್ತದೆ. ಇಂಕು ಪೆನ್ನನ್ನು ಒತ್ತಬೇಕಾಗಿಲ್ಲ ಎಂದವಳೂ ಸೊಸೆಯೇ. ಹೇಳಿ ತಪ್ಪು ಮಾಡಿದಳು.

ಪೆನ್ನಿನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಇಕ್ಕಟ್ಟಾಗಿ ಕೂತಿತ್ತು. ಅಂಗಡಿಯವರು ಹೆಚ್ಚುಕಡಿಮೆ ನನ್ನ ವಯಸ್ಸಿನವರೇ.

“ಉಡುಗೊರೆಗಾ, ದಿನಾ ಬರೆಯೋಕಾ?”

“ದಿನಾ ಬರೆಯೋಕೆ. ನನಗೇ.”

“ಹಾಗಾದ್ರೆ ಕೂತ್ಕೊಳ್ಳಿ,” ಎಂದರು. ಉಡುಗೊರೆಯವರನ್ನು ನಿಂತಲ್ಲೇ ಸಾಗಹಾಕುತ್ತಾರೆಂದು ಕಾಣುತ್ತದೆ.

ತಟ್ಟೆಯ ತುಂಬ ಪೆನ್ನು ಬಂದವು. ಮೊದಲನೆಯದು ಚಿನ್ನದ ಬಣ್ಣದ್ದು, ಕಬ್ಬಿಣದ ತೂಕದ್ದು. ಅದರಲ್ಲಿ ಬರೆದರೆ ಬರೆದದ್ದಕ್ಕಿಂತ ಹೊತ್ತದ್ದೇ ಹೆಚ್ಚಾಗುತ್ತದೆ. ಎರಡನೆಯದು ಸಣಕಲು, ನೋಯುವ ಬೆರಳಿಗೆ ಹಿಡಿಯಲು ಸಿಗದೆ ಜಾರುತ್ತಿತ್ತು. ಮೂರನೆಯದರ ನಿಬ್ಬು ಮೊಂಡು ಸೂಜಿ ರೇಷ್ಮೆಯಲ್ಲಿ ಸಿಕ್ಕಿಕೊಳ್ಳುವಂತೆ ಕಾಗದಕ್ಕೆ ಸಿಕ್ಕಿಕೊಂಡಿತು. ನಾನು ಸೂಜಿಯನ್ನು ಪರೀಕ್ಷಿಸುವ ಹಾಗೆಯೇ ಪೆನ್ನನ್ನೂ ಪರೀಕ್ಷಿಸಿದೆ. ಗಾಜಿನ ಮೇಲೆ ಉರುಳಿಸಿ ಡೊಂಕಿದೆಯೇ ನೋಡಿದೆ. ತುದಿಯನ್ನು ಉಗುರಿನ ಮೇಲೆ ಎಳೆದು ಗೀರುತ್ತದೆಯೇ ನೋಡಿದೆ. ಕೊನೆಗೆ, ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡುವ ಅಭ್ಯಾಸದಲ್ಲಿ, ನಿಬ್ಬನ್ನು ತುಟಿಯವರೆಗೆ ತಂದಿದ್ದೆ. ಅಂಗಡಿಯವರು ಮೆಲ್ಲಗೆ ನನ್ನ ಮಣಿಕಟ್ಟು ಹಿಡಿದರು.

“ತಾಯಿ, ಅದು ಪೋಣಿಸೋದಲ್ಲ.”

ನಾಲ್ಕನೆಯದು ನನ್ನ ಪೆನ್ನು. ಕೈಗೆ ತಗೊಂಡ ಕೂಡಲೇ ಗೊತ್ತಾಯಿತು. ಹಳೆಯ ಬಾಗಿಲಿನಂಥ ಕಂದು ಬಣ್ಣ, ಉಂಡ ಮೇಲಿನ ಹೊಟ್ಟೆಯಂಥ ಸ್ವಲ್ಪ ಉಬ್ಬು, ಪಕ್ಕದಲ್ಲಿ ಕಡ್ಡಿಯಂಥ ಒಂದು ಪುಟ್ಟ ಹಿಡಿಕೆ. ಒತ್ತಲಿಲ್ಲ, ಕಾಗದದ ಮೇಲೆ ಇಟ್ಟೆ ಅಷ್ಟೆ. ನಾನು ಚೀಟಿಯಲ್ಲಿ ಬರೆಯುವ ‘ತೋಳು’ ತಾನಾಗಿಯೇ ಮೂಡಿತು.

“ಇದು ಹಳೇದಾ, ಹೊಸದಾ?”

“ಹಳೇ ಕಾಲದ್ದರ ಹಾಗೆ ಕಾಣೋ ಹೊಸದು.”

“ಜನ ತಲೆಗೆ ಬಣ್ಣ ಹಚ್ಕೊಂಡು ವಯಸ್ಸು ಇಳಿಸ್ಕೋತಾರೆ. ಇದು ಏರಿಸ್ಕೊಂಡಿದೆಯಲ್ಲ.”

“ಅದಕ್ಕೇ ತಾಯಿ ಬೆಲೆ ಜಾಸ್ತಿ.”

“ಹಾಗಾದ್ರೆ ನನ್ನನ್ನ ಯಾರೂ ಕೊಳ್ಳೋ ಹಾಗೇ ಇಲ್ಲ. ನಾನು ಇವತ್ತಿನವರೆಗೆ ತಲೆಗೆ ಬಣ್ಣ ಮುಟ್ಟಿಸಿದವಳಲ್ಲ.”

ಅವರು ನಗುತ್ತ ಶಾಯಿ ತುಂಬುವುದನ್ನು ತೋರಿಸಿಕೊಟ್ಟರು. ನಿಬ್ಬನ್ನು ಸೀಸೆಯಲ್ಲಿ ಅದ್ದಿ, ಪಕ್ಕದ ಹಿಡಿಕೆಯನ್ನು ಎತ್ತಿ ಬಿಟ್ಟರೆ ಪೆನ್ನು ತಾನೇ ಕುಡಿಯುತ್ತದೆ. ತುಂಬಿದ ಮೇಲೆ ಆ ಹಿಡಿಕೆ ಎತ್ತಬಾರದು; ಎತ್ತಿದರೆ ಕುಡಿದದ್ದನ್ನೆಲ್ಲ ಕಾರುತ್ತದೆ. “ಬರೆದಾದ ಮೇಲೆ ಮುಚ್ಚಳ ಹಾಕಿ, ಜೇಬಿಗೆ ಸಿಕ್ಕಿಸ್ಕೊಳ್ಳಿ. ಇಷ್ಟೇ.”

ಇಷ್ಟೇ ಅಂದರೆ ಆಯಿತೇ? ಕಂಡಕಂಡವರಿಗೆಲ್ಲ ಜೇಬು ಹೊಲಿದು ಕೊಟ್ಟವಳ ಮೈಮೇಲೆ ಒಂದು ಜೇಬಿಲ್ಲ. ನನ್ನ ಸಾಮಾನೆಲ್ಲ ಇರುವುದು ತುರುಬಿನಲ್ಲಿ. ಸೀಮೆಸುಣ್ಣ ಅಲ್ಲಿ, ದಬ್ಬಳ ಅಲ್ಲಿ, ಕೆಲವೊಮ್ಮೆ ಕನ್ನಡಕವೂ ಅಲ್ಲಿ. ನಮ್ಮೆಜಮಾನರು ಇದ್ದಾಗ ಅದನ್ನು ಗೋದಾಮು ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ಏನು ಕಳೆದರೂ, “ಮೊದಲು ಗೋದಾಮು ಹುಡುಕಿ” ಎನ್ನುತ್ತಿದ್ದರು. ಪೆನ್ನೂ ಗೋದಾಮು ಸೇರಿತು. ಮುಚ್ಚಳ ಮೇಜಿನ ಮೇಲೆ ಉಳಿಯಿತು. ಸೀಮೆಸುಣ್ಣಕ್ಕೆ ಮುಚ್ಚಳ ಹಾಕಿದವರುಂಟೆ?

ಅದರ ಮಾರನೆಯ ಬೆಳಗ್ಗೆ ರಾತ್ರಿಪಾಳಿ ಮುಗಿಸಿ ಬಂದ ಸೊಸೆ ಒಂದು ಬಿಳಿ ಕೋಟು ತಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಅಂದು ಸಂಜೆಯಿಂದ ಮಕ್ಕಳ ವಾರ್ಡಿಗೆ ಅವಳೇ ಮುಖ್ಯಸ್ಥೆ.

“ಯಾರೋ ಎತ್ತರದವರ ಅಳತೆಗೆ ಹೊಲಿಸಿದ್ದಾರೆ ಅತ್ತೆ. ಕೆಳಗೆ ಒಂದು ಗೇಣು ತೆಗೀಬೇಕು. ಇದೊಂದೇ ಕೊಟ್ಟಿರೋದು, ಇನ್ನೊಂದು ಯಾವಾಗ ಬರತ್ತೋ ಗೊತ್ತಿಲ್ಲ. ದೊಡ್ಡ ಡಾಕ್ಟರು ಬರ್ತಾರೆ, ಎಲ್ಲರ ಎದುರಿಗೆ ಹಾಕ್ಕೊಂಡು ನಿಲ್ಲಬೇಕು.” ಕೋಟು ನನ್ನ ಕೈಗಿಟ್ಟು ಸೇರಿಸಿದಳು: “ಟೈಲರ್ ಅಂಗಡಿಗೆ ಕೊಡೋಣ ಅಂದ್ಕೊಂಡೆ. ಆಮೇಲೆ ನಿಮ್ಮ ಕೈಯಲ್ಲೇ ಆಗಲಿ ಅನ್ನಿಸ್ತು.”

ಈ ಮನೆಗೆ ಬಂದಮೇಲೆ ಅವಳು ತನ್ನ ಬಟ್ಟೆ ನನಗೆ ಕೊಟ್ಟದ್ದು ಅದೇ ಮೊದಲು. ನಾನೂ ಎಂದೂ ಕೇಳಿದವಳಲ್ಲ, ಆದರೆ ಕಾದವಳು.

“ಮಲ್ಕೋ ಹೋಗು. ಎದ್ದಾಗ ಸಿದ್ಧ ಇರತ್ತೆ,” ಎಂದೆ.

ಅವಳ ನಿದ್ದೆಯದೊಂದು ವಿಶೇಷ ಇದೆ. ನನ್ನ ಮಿಷನ್ನಿನ ಸದ್ದಿದ್ದರೆ ಮಲಗುತ್ತಾಳೆ, ನಿಂತರೆ ಎದ್ದುಬಿಡುತ್ತಾಳೆ. ಕೆಲವರಿಗೆ ಫ್ಯಾನು ಬೇಕು, ಇವಳಿಗೆ ಅತ್ತೆ ಪೆಡಲ್ ತುಳಿಯುತ್ತಿರಬೇಕು.

ಒಂದು ಗೇಣು ಕತ್ತರಿಸಿದೆ, ಅಂಚು ಮಡಿಸಿ ಹೊಲಿದೆ. ಕೊನೆಯ ನಾಲ್ಕು ಹೊಲಿಗೆ, ಇಸ್ತ್ರಿ ಅಷ್ಟೇ ಬಾಕಿ. ಅಷ್ಟರಲ್ಲಿ ಬೇಕರಿಯವಳು ಏಪ್ರನ್ನು ಹಿಡಿದುಕೊಂಡು ಬಂದಳು.

“ಇದರ ಕಟ್ಟು ಕಿತ್ತುಹೋಗಿದೆ ಅಜ್ಜಿ. ಬರೆದಿಟ್ಕೊಳ್ಳಿ.”

ಬರೆದಿಟ್ಟುಕೊಳ್ಳುವುದೆಂದರೆ ನನಗೆ ಹಬ್ಬ. ಕಾಲು ಪೆಡಲಿನ ಮೇಲೆ, ಒಂದು ಕೈ ಚೀಟಿಯ ಮೇಲೆ, ಇನ್ನೊಂದು ಕೈ ಠೀವಿಯಿಂದ ಗೋದಾಮಿಗೆ ಹೋಯಿತು. ಪೆನ್ನು ಅರ್ಧ ಬಂದು ನಿಂತಿತು. ಆ ಪುಟ್ಟ ಹಿಡಿಕೆಗೆ ಕೂದಲು ಸಿಕ್ಕಿಕೊಂಡಿರಬೇಕು. ಹಟಮಾರಿ ದಾರವನ್ನು ಎಳೆಯುವಂತೆ ಜಗ್ಗಿದೆ. ಹಿಡಿಕೆ ಎದ್ದಿತು, ಪೆನ್ನು ಕಾರಿತು. ಮಿಷನ್ನಿನ ಮೇಲೆ ಹರಡಿದ್ದ ಕೋಟಿನ ಎದೆಗೆ ನೇರಳೆ ಹಣ್ಣಿನಷ್ಟು ದೊಡ್ಡ ನೀಲಿ ಹನಿ ಬಂದು ಕೂತಿತು.

ಬೇಕರಿಯವಳು ಕೋಟು ನೋಡಿದಳು, ನನ್ನನ್ನು ನೋಡಿದಳು. “ಅರ್ಜೆಂಟೇನಿಲ್ಲ ಅಜ್ಜಿ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ನನ್ನ ಕಾಲು ನಿಂತುಬಿಟ್ಟಿತ್ತು. ಒಳಗೆ ಮಂಚ ಕಿರ್ ಎಂದಿತು. ತಕ್ಷಣ ಕೋಟನ್ನು ಮಡಿಲಿಗೆ ಎಳೆದುಕೊಂಡು, ಸೂಜಿಯಿಂದ ದಾರ ಬಿಚ್ಚಿ, ಬಟ್ಟೆಯೇ ಇಲ್ಲದ ಮಿಷನ್ನನ್ನು ತುಳಿಯತೊಡಗಿದೆ. ಮಂಚ ಸುಮ್ಮನಾಯಿತು.

ಅಲ್ಲಿಂದ ಮುಂದೆ ನನ್ನ ಕಾಲಿಗೊಂದು ಕೆಲಸ, ಕೈಗೊಂದು ಕೆಲಸ. ಕೈ ಖಾಲಿಯಾಗಲಿ ಎಂದು ಪೆನ್ನನ್ನು ಎಲ್ಲಿಟ್ಟೆ? ತುರುಬಿನಲ್ಲಿ. ಕೈಯ ಅಭ್ಯಾಸಕ್ಕೆ ಬುದ್ಧಿಯ ಅಪ್ಪಣೆ ಬೇಕಾಗುವುದಿಲ್ಲ. ಕಾಲು ಪೆಡಲು ತುಳಿಯುತ್ತಿದ್ದರೆ ಕೈ ಸೀಮೆಸುಣ್ಣದ ಪುಡಿ ಉದುರಿಸಿತು. ಪುಡಿ ನೀಲಿಯಾಯಿತು, ಕಲೆ ಹಾಗೇ ಇತ್ತು. ಸೋಪು ಹಚ್ಚಿದೆ. ನೇರಳೆ ಹಣ್ಣು ಅಂಗೈಯಷ್ಟಾಯಿತು. ನಿಂಬೆಹಣ್ಣು ತಿಕ್ಕಿದೆ. ಅಂಗೈ ಮಾಸಿ ಮೋಡವಾಯಿತು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ತಗೊಂಡರಂತೆ. ಇನ್ನೂ ತಿಕ್ಕಿದ್ದರೆ ಕೋಟೇ ಆಕಾಶವಾಗುತ್ತಿತ್ತು. ಬಗ್ಗಿ ತಿಕ್ಕುವಾಗ ತುರುಬು ಸಡಿಲವಾಗಿ ಪೆನ್ನು ತಲೆಕೆಳಗಾಗಿ ಜಾರಿ ಕೋಟಿನ ತೋಳಿಗೆ ಚುಚ್ಚಿಕೊಂಡಿತು. ಅಲ್ಲೊಂದು ಕಲೆ. ಸಿಟ್ಟಿನಿಂದ ಅದನ್ನು ಮೇಜಿನ ಮೇಲೆ ಹಾಕಿದೆ. ಉರುಟು ಪೆನ್ನು, ಗಾಜಿನ ಮೇಲೆ ಎಷ್ಟು ಚೆನ್ನಾಗಿ ಉರುಳುತ್ತದೆಂದು ನಾನೇ ಪರೀಕ್ಷೆ ಮಾಡಿ ತಂದದ್ದು. ಉರುಳಿತು. ಕೋಟಿನ ಕೆಳತುದಿಯ ಮೇಲೆ ಬಿದ್ದಿತು. ಇನ್ನು ಉರುಳದಿರಲಿ ಎಂದು ಎತ್ತಿ ಭದ್ರವಾಗಿ ಎಲ್ಲಿಟ್ಟೆ ಎಂದು ಬೇರೆ ಹೇಳಬೇಕಿಲ್ಲ.

ಆಗ ಮಗ ಊಟಕ್ಕೆ ಬಂದ. ಅವನು ಲಿಫ್ಟ್ ರಿಪೇರಿಯವನು. ನಡುವೆ ಸಿಕ್ಕಿಕೊಂಡವರನ್ನು ಕಂಡು ಕಂಡು ಯಾವುದಕ್ಕೂ ಗಾಬರಿಯಾಗದವನು. ನನ್ನ ಹಿಂದೆ ಸ್ವಲ್ಪ ಹೊತ್ತು ನಿಂತ.

“ಅಮ್ಮ, ಇದೇನು ನೀಲಿ?”

“ಮೆತ್ತಗೆ ಮಾತಾಡು. ಅವಳಿಗೆ ಹೇಳಬೇಡ.”

“ನಾನು ಹೇಳದಿದ್ರೂ ಕಾಣತ್ತಲ್ಲ.”

“ಕಾಣಲ್ಲ. ಜೇಬು ಹಾಕಿ ಮುಚ್ಚಿಬಿಡ್ತೀನಿ.”

“ಜೇಬು?” ಎಂದ. ಅವನ ಕಣ್ಣು ಕೋಟಿನ ಮೇಲಿರದೆ ನನ್ನ ತಲೆಯ ಮೇಲಿತ್ತು. ಅದು ಯಾಕೆಂದು ಆಗ ನಾನು ಯೋಚಿಸಲಿಲ್ಲ. “ನೀನು ಕಸುಬಿನವಳು. ನಿನಗೆ ತಿಳಿದ ಹಾಗೆ ಮಾಡು,” ಎಂದು ಒಳಗೆ ಹೋಗಿ ತಟ್ಟೆ ಹಾಕಿಕೊಂಡ.

ಕತ್ತರಿಸಿದ ಒಂದು ಗೇಣು ಬಟ್ಟೆ ಇತ್ತಲ್ಲ, ಅದೇ ನನ್ನ ಮಾನ ಕಾಯಿತು. ಎದೆಯ ಕಲೆಯ ಮೇಲೊಂದು ಜೇಬು. ತೋಳಿನ ಮೇಲೊಂದು. ಕೆಳಗಿನದು ಮೊಣಕಾಲಿನ ಹತ್ತಿರ ಬಂದಿತು. ಅಲ್ಲಿ ಜೇಬು ಹಾಕಿದರೆ ಯಾರು ಕೈ ಹಾಕಬೇಕು? ಎರಡು ಸಲ ಬಟ್ಟೆ ಇಟ್ಟು ತೆಗೆದೆ. ಮೂರನೆಯ ಸಲ ಯೋಚನೆ ಬಂದಿತು, ಹೊಲಿದೆ. ಮೂಲೆಗಳಿಗೆ ಎರಡೆರಡು ಹೊಲಿಗೆ, ಅಂಚಿಗೆ ಒಂದೇ ಸಮ ದೂರ. ಪೆಡಲಿನಿಂದ ಕಾಲು ತೆಗೆಯದೆಯೇ ಇಸ್ತ್ರಿ ಎಳೆದು ಹ್ಯಾಂಗರಿಗೆ ಹಾಕಿ ನೋಡಿದರೆ ಹುಟ್ಟಿದಾಗಿನಿಂದಲೂ ಕೋಟು ಹಾಗೇ ಇದ್ದಂತಿತ್ತು. ಆಮೇಲೆ ಪೆಡಲ್ ನಿಲ್ಲಿಸಿದೆ.

ಮಂಚ ಕಿರ್ ಎಂದಿತು. ಸೊಸೆ ಮುಖ ತೊಳೆದುಕೊಂಡು ಬಂದು ಕೋಟನ್ನು ಕೈಗೆ ತಗೊಂಡಳು. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ.

“ಇದು?”

“ಎದೆ ಜೇಬು. ಪೆನ್ನಿಗೆ.”

“ಇದು?”

“ತೋಳಿನ ಜೇಬು. ಥರ್ಮಾಮೀಟರಿಗೆ.”

“ಮೊಣಕಾಲ ಹತ್ರ ಇರೋದು?”

“ಮಕ್ಕಳ ವಾರ್ಡಲ್ವಾ? ಪುಟ್ಟ ಮಗುವಿನ ಕೈಗೂ ಎಟುಕಲಿ ಅಂತ. ಒಳಗೊಂದು ಗೊಂಬೆ ಇಟ್ಟಿರು. ಇಂಜೆಕ್ಷನ್ ಚುಚ್ಚೋಕೆ ಮುಂಚೆ ಕೈ ಹಾಕಿ ತಗೊಳ್ಳಲಿ.”

ಅವಳು ಕೋಟು ಹಾಕಿಕೊಂಡು, ಬಗ್ಗಿ ಆ ಜೇಬಿನೊಳಗೆ ಕೈ ಬಿಟ್ಟಳು.

“ಇದು ನಿಜವಾಗ್ಲೂ ಚೆನ್ನಾಗಿದೆ ಅತ್ತೆ. ಟೈಲರ್ ಅಂಗಡಿಯವನಿಗೆ ಇದು ಹೊಳೀತಿರಲಿಲ್ಲ.”

ನಾನು ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ಹೊಗಳಿಕೆ ಕೇಳಿದ ಬಾಯಿ ನಿಲ್ಲುತ್ತದೆಯೇ? “ಹೊಲಿಗೆ ಅಂದ್ರೆ ಬರೀ ದಾರ ಸೂಜಿ ಅಲ್ಲ ಮಗಳೇ. ಮುಂದಿನದನ್ನ ಯೋಚಿಸ್ಬೇಕು, ಹಿಂದಿನದನ್ನೂ ನೋಡ್ಬೇಕು,” ಎಂದೆ.

“ಹಿಂದಿನದನ್ನ ನೋಡಿದೆ ಅತ್ತೆ,” ಎಂದಳು. “ಬಟ್ಟೆ ಇಲ್ಲದೆ ಓಡೋ ಮಿಷನ್ನಿನ ಸದ್ದೇ ಬೇರೆ. ನನಗೆ ಆಗಲೇ ಎಚ್ಚರ ಆಯ್ತು. ಎದ್ದು ಬಂದಿದ್ದೆ.”

“ಯಾವಾಗ?”

“ನೀವು ನಿಂಬೆಹಣ್ಣು ತಿಕ್ತಾ ಇದ್ರಿ.”

“ಬೈಬಾರದಿತ್ತಾ?”

“ಬೈಯೋಣ ಅಂತಲೇ ಬಂದೆ. ನಿಮ್ಮ ಬೆನ್ನು ನೋಡಿದ ಮೇಲೆ ಬಾಯಿ ಬರಲಿಲ್ಲ. ವಾಪಸ್ ಹೋಗಿ ಮಲ್ಕೊಂಡೆ.”

ನನ್ನ ಕಣ್ಣು ತುಂಬಿ ಬಂತು. ಬಾಗಿದ ಬೆನ್ನನ್ನು ಕಂಡು ಮರುಗುವ ಸೊಸೆ ಎಷ್ಟು ಜನಕ್ಕೆ ಸಿಗುತ್ತಾಳೆ? “ವಯಸ್ಸಾಯ್ತಲ್ಲ ಕಣೇ, ಬೆನ್ನು ಬಾಗತ್ತೆ,” ಎಂದೆ.

ಅವಳು ನನ್ನ ಭುಜ ಹಿಡಿದು, ಗಿರಾಕಿಗಳಿಗಾಗಿ ಇಟ್ಟಿರುವ ನಿಲುವುಗನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿದಳು. ತನ್ನ ಚಿಕ್ಕ ಕನ್ನಡಿಯನ್ನು ನನ್ನ ಮುಖದ ಮುಂದೆ ಹಿಡಿದಳು. ಜನ್ಮವೆಲ್ಲ ಬೇರೆಯವರ ಬೆನ್ನು ನೋಡಿದವಳು ಅಂದು ನನ್ನ ಬೆನ್ನು ನೋಡಿಕೊಂಡೆ. ಅಪ್ಪಟ ಬೆಳ್ಳಿಯ ತುರುಬು ಅಪ್ಪಟ ನೀಲಿಯಾಗಿತ್ತು. ಅಲ್ಲಿಂದ ಕುತ್ತಿಗೆಗೆ ಎರಡು ಕಾಲುವೆ ಇಳಿದಿದ್ದವು, ಬೆನ್ನ ಮೇಲೆ ಒಂದು ಕೆರೆ ತುಂಬಿತ್ತು. ತುರುಬಿನ ನಡುವೆ, ಗೆದ್ದ ಕೋಟೆಯ ಮೇಲೆ ನೆಟ್ಟ ಬಾವುಟದಂತೆ, ನನ್ನ ಪೆನ್ನು.

ಸೊಸೆ ಕೈಚೀಲ ಹೆಗಲಿಗೆ ಹಾಕಿಕೊಂಡು ಹೊಸ್ತಿಲು ದಾಟಿದಳು. ಆಮೇಲೆ ತಿರುಗಿ ನಿಂತಳು.

“ಕಲೆ ಬಿದ್ದ ಕಡೆಯೆಲ್ಲ ಜೇಬು ಹಾಕಿದ್ದೀರಿ ಅತ್ತೆ. ನಾನು ವಾಪಸ್ ಬರೋ ಅಷ್ಟರಲ್ಲಿ ನಿಮ್ಮ ತಲೆಗೂ ಒಂದು ಅಳತೆ ತಗೊಂಡಿರಿ.”