ಹಿಮದ ಗಾಡಿಗೆ ಸೋನಾ ಮಸೂರಿ

ನಿಮ್ಮ ಕೆಲಸ ಏನಮ್ಮಾ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಅವರ ಮುಖ ನೋಡ್ತೀನಿ. ನಗೋ ಪೈಕಿನಾ, ಅಲ್ವಾ ಅಂತ. "ಹಿಮದ ಮೇಲೆ ಓಡೋ ಸ್ನೋಮೊಬೈಲ್ ಇರುತ್ತಲ್ಲ, ಅದರ ಹಿಂದಿನ ಸಸ್ಪೆನ್ಷನ್ ಸರಿ ಮಾಡ್ತೀನಿ" ಅಂದ ಕೂಡಲೇ ಒಂದೇ ಪ್ರಶ್ನೆ: "ಆಸ್ಟ್ರೇಲಿಯಾದಲ್ಲಾ?" ಹೌದು ಸ್ವಾಮಿ, ಆಸ್ಟ್ರೇಲಿಯಾದಲ್ಲೇ. ಇಲ್ಲೂ ಬೆಟ್ಟ ಇದೆ, ಬೆಟ್ಟದ ಮೇಲೆ ಹಿಮ ಬೀಳುತ್ತೆ, ಹಿಮದ ಮೇಲೆ ಗಾಡಿ ಓಡುತ್ತೆ, ಗಾಡಿ ಎತ್ತಿ ಹಾಕಿದರೆ ಜನ ನನ್ನನ್ನೇ ಬೈತಾರೆ. ಇಂಥ ಕೆಲಸ ಹಿಡಿದವರಿಗೆ ಫಜೀತಿಗೇನು ಬರ? ಆಗೋವಾಗ ಜೀವ ಬಾಯಿಗೆ ಬಂದಿರುತ್ತೆ. ನಗು ಬರೋದೆಲ್ಲ ಆಮೇಲೆ.

೧. ಗುಂಡಿಯ ಫೋಟೊ

ಆಗ ನಾವು ಸಿಡ್ನಿಯ ಬ್ಲ್ಯಾಕ್‌ಟೌನ್‌ನಲ್ಲಿದ್ವಿ. ನಮ್ಮವರ ಕಾಂಟ್ರಾಕ್ಟ್ ಮುಗೀತಾ ಬಂದಿತ್ತು. ನನಗೆ ಯಾರಾದರೂ ಕೆಲಸ ಕೊಟ್ಟು ವೀಸಾಗೆ ಸ್ಪಾನ್ಸರ್ ಮಾಡಿದರೆ ಇಬ್ಬರೂ ಉಳೀಬಹುದು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ನಾನು ಬೆಂಗಳೂರಲ್ಲಿ, ಪೀಣ್ಯದ ಒಂದು ಫ್ಯಾಕ್ಟರೀಲಿ, ಸ್ಕೂಟರ್‌ಗಳ ಶಾಕ್ ಅಬ್ಸಾರ್ಬರ್ ವಿಭಾಗದಲ್ಲಿದ್ದವಳು. ಸಸ್ಪೆನ್ಷನ್ ವರ್ಕ್‌ಶಾಪ್ ಒಂದರಲ್ಲಿ ಜನ ಬೇಕು ಅಂತ ಗೊತ್ತಾಗಿ ಹೋದೆ.

ಯಜಮಾನ ಆಳೆತ್ತರಕ್ಕಿಂತ ಒಂದು ಗೇಣು ಜಾಸ್ತಿ. ಚಳಿ, ಬಿಸಿಲು ಅಂತಿಲ್ಲ, ಯಾವಾಗಲೂ ಚಡ್ಡಿ. ಹೊರಗೆ ಸುಡೋ ಬಿಸಿಲು, ಒಳಗೆ ಶೆಡ್ಡಿನಲ್ಲಿ ಹಿಮದ ಗಾಡಿ. ಅವನು ಕೇಳಿದ, "ಹಿಮ ನೋಡಿದ್ದೀಯಾ?"

"ಫ್ರಿಜ್ಜಿನಲ್ಲಿ ನೋಡಿದ್ದೀನಿ" ಅಂದೆ. ನನಗೆ ಸುಳ್ಳು ಹೇಳೋಕೆ ಬರಲ್ಲ, ಅದೇ ನನ್ನ ಕರ್ಮ.

ಅವನು ನಿಟ್ಟುಸಿರು ಬಿಟ್ಟು ಎದ್ದೇ ಬಿಟ್ಟ. ಕೆಲಸ ಹೋಯಿತು ಅಂದುಕೊಂಡೆ. ಏನು ತೋರಿಸಲಿ ಇವನಿಗೆ ಅಂತ ಮೊಬೈಲ್ ತಡಕಾಡಿದಾಗ ಸಿಕ್ಕಿದ್ದು ನಮ್ಮ ಬೆಂಗಳೂರಿನ ಮನೆ ಮುಂದಿನ ಗುಂಡಿಯ ಫೋಟೊ. ಬೀದಿಯವರೆಲ್ಲ ಸೇರಿ ಸಿಟ್ಟಿಗೆ ಅದರೊಳಗೆ ಒಂದು ಬಾಳೆಗಿಡ ನೆಟ್ಟಿದ್ದೆವು.

"ಇದೇನು, ಕೊಳವಾ?"

"ಅಲ್ಲ, ರಸ್ತೆ."

"ಇದರ ಮೇಲೆ ಗಾಡಿ ಓಡ್ತಾವಾ?"

"ಸ್ಕೂಟರ್ ಓಡುತ್ತೆ. ಅದೂ ಒಂದರ ಮೇಲೆ ಮೂರು ಜನ. ಆ ಸ್ಕೂಟರ್‌ಗಳ ಶಾಕ್ ಮಾಡ್ತಿದ್ದವಳು ನಾನೇ."

ಅವನು ಫೋಟೊ ದೊಡ್ಡದು ಮಾಡಿ ಬಾಳೆಗಿಡವನ್ನ ತುಂಬಾ ಹೊತ್ತು ನೋಡಿದ. ಆಮೇಲೆ ಕೈ ಚಾಚಿ ಅಂದ, "ಸೋಮವಾರ ಬಾ." ನಗರಪಾಲಿಕೆಯಿಂದ ಯಾರಿಗಾದರೂ ಉಪಕಾರ ಆಗಿದ್ದರೆ ಅದು ನನಗೊಬ್ಬಳಿಗೇ.

೨. ಮೂರು ಸಲ "ನೋ ವರೀಸ್"

ಸ್ವಲ್ಪ ಸಮಯದ ಮೇಲೆ ಯಜಮಾನ ವರ್ಕ್‌ಶಾಪನ್ನ ಮೆಲ್ಬರ್ನ್‌ಗೆ ಎತ್ತಿಕೊಂಡು ಹೋದ. ಅವನ ಹಿಂದೆ ನಾವೂ ಹೋದ್ವಿ. ಬಾಕ್ಸ್ ಹಿಲ್‌ನಲ್ಲಿ ಒಂದು ಫ್ಲ್ಯಾಟ್, ರೆಂಟ್ ಕೇಳಿದರೆ ಎದೆ ಧಸಕ್ ಅನ್ನೋದು. ನಮ್ಮವರಿಗೆ ಡಾಕ್‌ಲ್ಯಾಂಡ್ಸ್‌ನ ಒಂದು ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಎಲ್ಲೆಲ್ಲಿ ಏನೇನು ಅಪಾಯ ಇದೆ ಅಂತ ಮುಂಚೆಯೇ ಕಂಡುಹಿಡಿಯೋ ಕೆಲಸ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಯಜಮಾನನ ಬಾಯಲ್ಲಿ ಸದಾ ಒಂದೇ ಮಾತು, "ನೋ ವರೀಸ್". ಒಂದು ಸಲ ಅಂದರೆ ನಿಜವಾಗಲೂ ಚಿಂತೆ ಇಲ್ಲ. ಎರಡು ಸಲ ಅಂದರೆ ಗಿರಾಕಿ ಕೈಬಿಟ್ಟ ಅಂತ. ಮೂರು ಸಲ ಅಂದದ್ದನ್ನ ಅಲ್ಲೀವರೆಗೆ ನಾನು ಕೇಳಿದ್ದು ಒಂದೇ ಬಾರಿ, ವರ್ಕ್‌ಶಾಪಿನ ಹಿಂದುಗಡೆ ಬೆಂಕಿ ಹತ್ತಿಕೊಂಡಾಗ.

ಒಂದು ದಿನ ನನ್ನನ್ನ ಕರೆದು ವಿಷಯ ಹೇಳಿದ. ಬೆಟ್ಟದ ಮೇಲೊಂದು ರಕ್ಷಣಾ ತಂಡ ಇದೆ. ಹಿಮದಲ್ಲಿ ಜಾರಿ ಬಿದ್ದು ಕೈಕಾಲು ಮುರಿದುಕೊಂಡವರನ್ನ ಗಾಡಿಯ ಹಿಂದೆ ಕೂರಿಸಿಕೊಂಡು ಕೆಳಗೆ ತರೋರು. ಗಾಡಿ ಎಷ್ಟು ಎತ್ತಿ ಹಾಕುತ್ತೆ ಅಂದರೆ, ಕಾಲು ಮುರಿದುಕೊಂಡು ಹತ್ತಿದವರು ಸೊಂಟ ಹಿಡಿದುಕೊಂಡು ಇಳೀತಾರೆ. ಸದ್ಯಕ್ಕೆ ಒಂದು ಗಾಡಿ ಕಳಿಸಿದ್ದಾರೆ. ಅದು ಸರಿಯಾದರೆ ಅವರ ಶೆಡ್ ತುಂಬಾ ಇರೋ ಗಾಡಿಗಳ ಕೆಲಸವೆಲ್ಲ ನಮಗೇ.

"ಸರಿಯಾಗದೇ ಇದ್ದರೆ?" ಅಂದೆ.

"ಆಗ ನಿನ್ನನ್ನ ಇಟ್ಕೊಳ್ಳೋ ಶಕ್ತಿ ನನಗಿಲ್ಲ. ಸ್ಪಾನ್ಸರ್ ಪೇಪರ್ ಮುಂದುವರಿಸೋಕೂ ಆಗಲ್ಲ. ನೋ ವರೀಸ್." ಸ್ವಲ್ಪ ತಡೆದು ಇನ್ನೊಂದು ಸಲ ಅಂದ, "ನೋ ವರೀಸ್."

ನಾನು ಅವನ ಬಾಯನ್ನೇ ನೋಡ್ತಾ ನಿಂತೆ. ಮೂರನೇದು ಬರೋಕೆ ಮುಂಚೆ ಫೋನ್ ರಿಂಗಾಯಿತು, ಬದುಕಿದೆ.

೩. ಜಾಕೆಟ್ ತೊಟ್ಟ ಅಕ್ಕಿ

ಈ ಗಾಡಿಗೆ ಹಿಂದೆ ಚಕ್ರ ಇರಲ್ಲ. ಅಗಲವಾದ ರಬ್ಬರ್ ಪಟ್ಟಿ ಸುತ್ತುತ್ತಾ ಇರುತ್ತೆ, ಆ ಪಟ್ಟಿಯ ಹೊಟ್ಟೆಯೊಳಗೆ ಸ್ಪ್ರಿಂಗು, ಶಾಕು. ಕೂತವರ ಭಾರಕ್ಕೆ ಸೀಟು ಎಷ್ಟು ಕುಸೀಬೇಕೋ ಅಷ್ಟೇ ಕುಸೀಬೇಕು. ಸ್ಪ್ರಿಂಗ್ ಜಾಸ್ತಿ ಬಿಗಿ ಮಾಡಿದರೆ ಗಾಡಿ ಕುದುರೆ ಥರ ಒದೆಯುತ್ತೆ, ಸಡಿಲ ಬಿಟ್ಟರೆ ಪ್ರತಿ ಉಬ್ಬಿಗೂ ತಳ ಹೊಡೆಯುತ್ತೆ. ಅದಕ್ಕೇ ಓಡಿಸುವವನನ್ನ ಕೂರಿಸಿಯೇ ಅಳತೆ ತಗೋಬೇಕು. ಓಡಿಸುವವನು ರಕ್ಷಣಾ ತಂಡದ ಮುಖ್ಯಸ್ಥ, ಅವನೋ ಬೆಟ್ಟದ ಮೇಲೆ. ಫೋನಿನಲ್ಲಿ ತೂಕ ಕೇಳಿ ತಿಳಕೊಂಡೆ.

ಆ ತೂಕ ಎಲ್ಲಿಂದ ತರೋದು? ಸೀದಾ ಇಂಡಿಯನ್ ಅಂಗಡಿಗೆ ಹೋಗಿ ಸೋನಾ ಮಸೂರಿ ಮೂಟೆ ನಾಲ್ಕು ತಂದೆ. ಹೇಗೂ ಅತ್ತೆ ಬರೋರಿದ್ದರು, ಕೆಲಸ ಮುಗಿದ ಮೇಲೆ ಮನೆಗೆ ಆಗುತ್ತೆ. ಒಂದರ ಮೇಲೊಂದು ಪೇರಿಸಿ, ಬೆಲ್ಟಿನಲ್ಲಿ ಬಿಗಿದು, ಮೇಲೆ ಒಂದು ಜಾಕೆಟ್ ತೊಡಿಸಿದೆ. ಥೇಟ್ ಮುಖ್ಯಸ್ಥನೇ ಕೂತ ಹಾಗಿತ್ತು. ಯಜಮಾನ ಬೆಳಿಗ್ಗೆ ಬಂದವನು ಅದಕ್ಕೆ ಗುಡ್ ಮಾರ್ನಿಂಗ್ ಹೇಳಿ ಹೋದ.

ಅವತ್ತು ಸಂಜೆ ನಮ್ಮವರು ಕರಕೊಂಡು ಹೋಗೋಕೆ ಬಂದರು. ನಾನು ಕೈ ತೊಳೆದುಕೊಂಡು ಬರೋ ಹೊತ್ತಿಗೆ ಕಾರಿನಲ್ಲಿ ಕೂತಿದ್ದರು. ಮಾರನೇ ದಿನ ಹೋಗಿ ಸ್ಪ್ರಿಂಗ್ ಸೆಟ್ ಮಾಡಿದೆ. ಸೀಟು ಎಷ್ಟು ಬೇಕೋ ಅಷ್ಟೇ ಕುಸೀತು. ಜಾಕೆಟ್ ತೊಟ್ಟ ಅಕ್ಕಿಯನ್ನ ಯಜಮಾನ ಹಾಗೇ ಎತ್ತಿ ಮೂಲೆಗಿಟ್ಟ. ದೇವರಿಗೆ ಕೈ ಮುಗಿದು ಗಾಡಿಯನ್ನ ಬೆಟ್ಟಕ್ಕೆ ಕಳಿಸಿದೆ.

ಅತ್ತೆ ಬಂದರು. ಬಂದವರೇ ಏರ್‌ಪೋರ್ಟಿನಿಂದ ಮನೆ ತನಕ "ಸೊಂಟ ಹೋಯ್ತು, ಸೊಂಟ ಹೋಯ್ತು" ಅಂದರು. ಇಲ್ಲಿನ ರಸ್ತೆ ನುಣ್ಣಗೆ ಎಣ್ಣೆ ಸವರಿದ ಹಾಗಿದೆ, ಆದರೂ. "ನಾನು ಗಾಡೀಲಿ ಕಣ್ಣು ಮುಚ್ಚಿದವಳೇ ಅಲ್ಲ ಕಣೇ. ವಿಮಾನದಲ್ಲೂ ಇಲ್ಲ. ಮದುವೆ ಆದಾಗಿಂದ ನಿಮ್ಮ ಮಾವನ ಸ್ಕೂಟರ್ ಎತ್ತಿ ಹಾಕಿ ಹಾಕಿ ನಿದ್ದೆ ಅನ್ನೋದೇ ಹಾರಿಹೋಗಿದೆ." ಸಸ್ಪೆನ್ಷನ್ ಕೆಲಸ ಮಾಡೋ ಸೊಸೆ ಏನು ಹೇಳಬೇಕು ಹೇಳಿ?

ಎರಡೇ ದಿನಕ್ಕೆ ಬೆಟ್ಟದಿಂದ ಫೋನ್ ಬಂತು. ಮುಖ್ಯಸ್ಥನ ದನಿ ಯಜಮಾನನ ಕಿವಿ ದಾಟಿ ನನ್ನ ತನಕ ಕೇಳಿಸ್ತಿತ್ತು. ಗಾಡಿ ಪ್ರತಿ ಉಬ್ಬಿಗೂ ತಳ ಹೊಡೀತಿದೆ, ಅವನ ಬೆನ್ನು ಹಿಡಿದುಕೊಂಡಿದೆ. ಶನಿವಾರ ಬೆಟ್ಟಕ್ಕೇ ಬಂದು, ಅವನ ಕಣ್ಣೆದುರಿಗೇ ಸರಿ ಮಾಡಬೇಕು. ಅದೇ ಕೊನೇ ಅವಕಾಶ.

ಯಜಮಾನ ಫೋನ್ ಇಟ್ಟು "ನೋ ವರೀಸ್" ಎರಡು ಸಲ ಅಂದ.

ಎಲ್ಲಿ ತಪ್ಪಿದೆ ನಾನು? ತಲೆ ಕೆಟ್ಟು ಮನೆಗೆ ಬಂದು ಊಟಕ್ಕೆ ಕೂತೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿದರು. "ಇದೇನೇ ಈ ಅನ್ನ ಗ್ರೀಸ್ ವಾಸನೆ ಬರ್ತಿದೆ?"

ನಾನು ನಿಧಾನವಾಗಿ ನಮ್ಮವರ ಕಡೆ ತಿರುಗಿದೆ. ಅವರು ತಟ್ಟೆ ನೋಡ್ತಾ, ಅಮ್ಮನಿಗೆ ತಿಳೀಬಾರದು ಅಂತ ಇಂಗ್ಲಿಷಿನಲ್ಲಿ ಅಂದರು, "ಮನೇಲಿ ಅಕ್ಕಿ ಮುಗಿದಿತ್ತು. ಅವತ್ತು ಸಂಜೆ ಗಾಡಿ ಮೇಲಿಂದ ಒಂದು ಮೂಟೆ ತಗೊಂಡೆ. ಜಾಕೆಟ್ ಶೇಪ್ ಹಾಳಾಗಬಾರದು ಅಂತ ಒಳಗೆ ಕಾರಿನಲ್ಲಿದ್ದ ದಿಂಬು ತುರುಕಿದ್ದೀನಿ."

ಅಂದರೆ ನಾನು ಸ್ಪ್ರಿಂಗ್ ಸೆಟ್ ಮಾಡಿದ್ದು ಮೂರು ಮೂಟೆ, ಒಂದು ದಿಂಬಿಗೆ. ಬ್ಯಾಂಕಿನಲ್ಲಿ ರಿಸ್ಕ್ ಕಂಡುಹಿಡಿಯೋರು! ಎದುರಿಗೆ ಅತ್ತೆ ಇದ್ದರು, ಇಲ್ಲದಿದ್ದರೆ ಅವತ್ತು ಅನ್ನದ ಪಾತ್ರೆ ಅವರ ತಲೆ ಮೇಲೆ ಇರ್ತಿತ್ತು. ಅತ್ತೆ ಕೇಳಿದ್ದಕ್ಕೆ ಮಗರಾಯ ಏನಂದ ಗೊತ್ತಾ? "ಆ ಅಂಗಡಿ ಸರಿಯಿಲ್ಲಮ್ಮ."

೪. ಬೆಟ್ಟದ ಮೇಲೆ ಅತ್ತೆ

ಶನಿವಾರ ಯಜಮಾನನೂ ಸೇರಿ ಎಲ್ಲರೂ ಬೆಟ್ಟ ಹತ್ತಿದ್ವಿ. ಅತ್ತೆಯನ್ನ ಒಬ್ಬರೇ ಬಿಟ್ಟು ಹೋಗೋ ಹಾಗಿರಲಿಲ್ಲ. ದಾರಿಯುದ್ದಕ್ಕೂ ಅವರು ಕಣ್ಣು ಮುಚ್ಚಲಿಲ್ಲ, ಬಾಯೂ ಮುಚ್ಚಲಿಲ್ಲ. ತಿರುವುಗಳಿಗೆ ನಮ್ಮವರು ಹಳದಿ ಬಣ್ಣಕ್ಕೆ ತಿರುಗಿ, ಇಳಿದವರೇ ಕಾರಿನ ಹಿಂದೆ ಹೋಗಿ ಬಗ್ಗಿ ನಿಂತರು. ನಾನು ಜೀವನದಲ್ಲಿ ಮೊದಲ ಸಲ ಹಿಮ ನೋಡಿದೆ. ನೋಡಿ ಸಂತೋಷ ಪಡೋಕೂ ಪುರುಸೊತ್ತಿರಲಿಲ್ಲ.

ಮುಖ್ಯಸ್ಥ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕಾಯ್ತಿದ್ದ. ಗುಡ್ ಮಾರ್ನಿಂಗ್ ಇಲ್ಲ, ಏನಿಲ್ಲ. ಅವನನ್ನ ಕೂರಿಸಿ, ಕುಸಿತ ಅಳೆದು, ಸ್ಪ್ರಿಂಗ್ ಬಿಗಿ ಮಾಡಿದೆ. ಒಂದು ಸುತ್ತು ಹೋಗಿ ಬಂದ.

"ಒಬ್ಬನಿಗೆ ಸರಿ. ಆದರೆ ನನ್ನ ಗಾಡೀಲಿ ಹಿಂದೆ ಪೇಷೆಂಟ್ ಇರ್ತಾರೆ. ಹಿಂದೆ ಒಬ್ಬರನ್ನ ಕೂರಿಸು, ನೋಡೋಣ."

ಅವನ ತಂಡದವರೆಲ್ಲ ಯಾರನ್ನೋ ಹೊತ್ತು ತರೋಕೆ ಹೋಗಿದ್ದರು. ಯಜಮಾನ ಕೂತರೆ ಇಬ್ಬರು ಕೂತ ಹಾಗೆ. ನಾನು ಹೊರಗೆ ನಿಂತು ಗಾಡಿ ಹೋಗೋದನ್ನ ನೋಡಬೇಕು. ನಮ್ಮವರು ಇನ್ನೂ ಬಗ್ಗಿಯೇ ಇದ್ದರು. ಎಲ್ಲರ ಕಣ್ಣೂ ಕಾರಿನ ಕಡೆ ತಿರುಗಿತು. ಒಳಗೆ ಅತ್ತೆ ಮಂಕಿ ಟೋಪಿ ಹಾಕಿಕೊಂಡು ಮೊಸರನ್ನ ತಿಂತಾ ಇದ್ದರು.

"ಅತ್ತೆ, ಆ ಗಾಡೀಲಿ ಒಂದು ರೌಂಡ್ ಹೋಗಿ ಬರ್ತೀರಾ?"

"ನಿನಗೇನು ತಲೆ ಕೆಟ್ಟಿದೆಯೇನೇ? ಈ ವಯಸ್ಸಲ್ಲಿ, ಗುರುತು ಪರಿಚಯ ಇಲ್ಲದ ಗಂಡಸಿನ ಹಿಂದೆ?"

"ನೀವು ಕೂರದಿದ್ದರೆ ನನ್ನ ಕೆಲಸ ಹೋಗುತ್ತೆ ಅತ್ತೆ. ವೀಸಾನೂ ಹೋಗುತ್ತೆ. ನಾವು ಊರಿಗೆ ವಾಪಸ್."

"ವಾಪಸ್ ಬಂದು ಎಲ್ಲಿರ್ತೀರಾ?"

"ಇನ್ನೆಲ್ಲಿ, ನಿಮ್ಮ ಜೊತೇಲೇ."

ಅತ್ತೆ ತಟಕ್ಕನೆ ಡಬ್ಬಿ ಮುಚ್ಚಿದರು. "ಹೆಲ್ಮೆಟ್ ಎಲ್ಲಿ?"

ಮೊದಲು ಸ್ಕೂಟರ್ ಮೇಲೆ ಕೂರೋ ಹಾಗೆ ಎರಡೂ ಕಾಲು ಒಂದೇ ಕಡೆ ಹಾಕಿ ಕೂತರು. ಮುಖ್ಯಸ್ಥ ಆಗಲ್ಲ ಅಂದ, ಇವರು ಹೀಗೇ ಕೂರೋದು ಅಂದರು. ಕೊನೆಗೆ ಮಗನ ಟ್ರ್ಯಾಕ್ ಪ್ಯಾಂಟ್ ಹಾಕಿಸಿ, ಸೀರೆ ಎತ್ತಿ ಕಟ್ಟಿಸಿ, ಆ ಕಡೆ ಒಂದು ಈ ಕಡೆ ಒಂದು ಕಾಲು ಹಾಕಿಸಿದ್ದಾಯಿತು. ಮುಖ್ಯಸ್ಥ "ತೂಕ ಎಷ್ಟು?" ಅಂತ ಕೇಳಿದ. ಆ ಪ್ರಶ್ನೆಯನ್ನ ನಾನು ಕನ್ನಡಕ್ಕೆ ತರಲೇ ಇಲ್ಲ. ಸುಮ್ಮನೆ ಟೇಪ್ ಹಿಡಿದು ಸೀಟು ಎಷ್ಟು ಕುಸೀತು ಅಂತ ನೋಡಿದೆ.

"ಏನೇ ಅಳೀತಿದ್ದೀಯಾ?"

"ಗಾಡಿ ಎಷ್ಟು ಎತ್ತರ ಅಂತ, ಅತ್ತೆ."

"ಎಷ್ಟಿದೆ?"

"ಮುಂಚೆ ಜಾಸ್ತಿ ಇತ್ತು."

ಸ್ಪ್ರಿಂಗನ್ನ ಇನ್ನೊಂದು ಮೆಟ್ಟಿಲು ಏರಿಸಿ, ಶಾಕ್ ಮೆದು ಮಾಡಿ, ಹೊರಡು ಅಂತ ಕೈ ತೋರಿಸಿದೆ. ಗಾಡಿ ಹೊರಟಿತು. ಅತ್ತೆಯ ಹಸಿರು ಸೆರಗು ಬೆಟ್ಟದ ಆಚೆ ಮರೆಯಾಯಿತು. ಗಾಡಿಯ ಸದ್ದೂ ಹೋಯಿತು.

ಕಾದೆವು. ಬರಲಿಲ್ಲ. ಇಷ್ಟು ಹೊತ್ತಿಗೆ ಬರಬೇಕಿತ್ತು. ನಮ್ಮವರು ಎದ್ದು ಬಂದು, "ಅಮ್ಮ ಎಲ್ಲಿ?" ಅಂದರು. ನಾನು ಬೆಟ್ಟದ ಆಚೆಗೆ ಬೆರಳು ತೋರಿಸಿದೆ.

ಕೊನೆಗೆ ದೂರದಲ್ಲಿ ಸದ್ದು ಕೇಳಿಸಿತು. ಗಾಡಿ ಆಮೆ ಥರ ಬರ್ತಿತ್ತು. ಮುಖ್ಯಸ್ಥ ಒಂದೇ ಕೈಯಲ್ಲಿ ಓಡಿಸ್ತಿದ್ದ, ಇನ್ನೊಂದು ಕೈಯಲ್ಲಿ ಅತ್ತೆಯ ಎರಡೂ ಕೈಗಳನ್ನ ತನ್ನ ಸೊಂಟಕ್ಕೆ ಒತ್ತಿ ಹಿಡಿದಿದ್ದ. ಅತ್ತೆಯ ತಲೆ ಅವನ ಬೆನ್ನ ಮೇಲೆ ವಾಲಿಬಿದ್ದಿತ್ತು. ಅಲ್ಲಾಡ್ತಾ ಇರಲಿಲ್ಲ.

"ಅಮ್ಮಾ!" ಅಂತ ನಮ್ಮವರು ಓಡಿದರು, ನಾಲ್ಕು ಹೆಜ್ಜೆಗೇ ಹಿಮದಲ್ಲಿ ಮುಗ್ಗರಿಸಿ ಬಿದ್ದರು. ಅಯ್ಯೋ ದೇವರೇ, ವೀಸಾ ಹೋದರೆ ಹೋಗಲಿ, ಅತ್ತೆಗೆ ಏನೂ ಆಗದೇ ಇರಲಿ ಅಂತ ಬೇಡಿಕೊಂಡೆ. ಪಕ್ಕದಲ್ಲಿ ಯಜಮಾನ ಬಿಳಿಚಿಕೊಂಡು ಅಂತಿದ್ದ, "ನೋ ವರೀಸ್. ನೋ ವರೀಸ್. ನೋ ವರೀಸ್."

ಗಾಡಿ ಹತ್ತಿರ ಬಂದು ನಿಂತಿತು. ಮುಖ್ಯಸ್ಥ ಮೆಲ್ಲಗೆ ಎಂಜಿನ್ ಆರಿಸಿ, ತುಟಿ ಮೇಲೆ ಬೆರಳಿಟ್ಟ. "ಶ್!"

ಆಗ ಕೇಳಿಸಿತು. ಹೆಲ್ಮೆಟ್ ಒಳಗಿಂದ ಗೊರಕೆ.

"ಎರಡನೇ ಉಬ್ಬಿಗೇ ನಿದ್ದೆ" ಅಂತ ಪಿಸುಗುಟ್ಟಿದ ಅವನು. "ಎಚ್ಚರ ಆಗಬಾರದು ಅಂತ ನಿಧಾನಕ್ಕೆ ಬಂದೆ. ನನ್ನ ಗಾಡೀಲಿ ಇಷ್ಟು ವರ್ಷ ಎಲ್ಲರೂ ಕಿರುಚಿದ್ದಾರೆ. ನಿದ್ದೆ ಮಾಡಿದವರು ಇವರೊಬ್ಬರೇ." ಯಜಮಾನನ ಕಡೆ ತಿರುಗಿ ಹೇಳಿದ, "ಗಾಡಿ ಎಲ್ಲಾ ನೀನೇ ತಗೊಂಡು ಹೋಗು."

ನನಗೆ ಅಳು ನಗು ಎರಡೂ ಒಟ್ಟಿಗೆ ಬಂತು. ಅಲ್ಲೇ ಹಿಮದ ಮೇಲೆ ಕುಸಿದು ಕೂತೆ. ಆ ಸದ್ದಿಗೆ ಅತ್ತೆ ಎದ್ದರು. ಎದ್ದವರೇ ದಬಾಯಿಸಿದರು, "ಯಾರೇ ಮಲಗಿದ್ದು? ನಾನೇನೂ ಮಲಗಿರಲಿಲ್ಲ. ಕಣ್ಣು ಮುಚ್ಚಿಕೊಂಡು ರಾಮ ರಾಮ ಅಂತಿದ್ದೆ."

ಯಜಮಾನ ನನ್ನ ಕೈ ಹಿಡಿದು ಎಬ್ಬಿಸಿದ. "ನಿನ್ನ ಸ್ಪಾನ್ಸರ್ ಪೇಪರ್ ಸೋಮವಾರ ಕಳಿಸ್ತೀನಿ." ಆಮೇಲೆ ತಲೆ ಕೆರೆದುಕೊಂಡು, ದನಿ ತಗ್ಗಿಸಿ ಕೇಳಿದ, "ನಿಮ್ಮ ಅತ್ತೆಯ ವೀಸಾ ಎಲ್ಲೀವರೆಗೆ ಇದೆ? ಉಳಿದ ಗಾಡಿಗಳ ಟೆಸ್ಟಿಗೂ ಅವರೇ ಬೇಕಂತೆ ಅವನಿಗೆ."

ಅತ್ತೆಗೆ ಹೇಳಿದೆ. ಅವರು ಹೆಲ್ಮೆಟ್ ತೆಗೆದು, ಮಂಕಿ ಟೋಪಿ ಸರಿಮಾಡಿಕೊಂಡು, ಎಲ್ಲರನ್ನೂ ಒಂದು ಸಲ ನೋಡಿದರು.

"ಇರ್ತೀನಿ ಅನ್ನು. ಆದರೆ ಅಕ್ಕಿ ಮಾತ್ರ ಬೇರೆ ಅಂಗಡಿಯದು ತರಬೇಕು."