ಮಗ್ಗ ನಿಂತ ಎರಡು ನಿಮಿಷ

ತಮಿಳು ಸೀಮೆಯ ಸಿರುಮುಗೈನಲ್ಲಿ ನಮ್ಮ ನೇಯೋರ ಬೀದೀಲಿ ಒಂದು ಒಳ್ಳೇ ಕೆಲ್ಸನೂ ನೆಟ್ಟಗೆ ನಡೆಯಲ್ಲ, ನಡುವೆ ಯಾರಾದ್ರೂ ಬಾಯಿ ಹಾಕೇ ಹಾಕ್ತಾರೆ. ಹೆಚ್ಚಾಗಿ ಬಾಯಿ ಹಾಕೋದು ನೀನೇ ಅಂತ ಎದುರುಮನೆಯೋಳು ನನಗೆ ಹೇಳ್ತಾಳೆ. ಅವಳ ಮಾತು ಬಿಡಿ, ಅವಳು ಬಾಗಿಲ ಸಂದೀಲೇ ಬೆಳೆದೋಳು. ಇದು ಎಂಬತ್ತೈದನೇ ಇಸವಿ ಸುಮಾರಿನ ಮಾತು.

ಯುದ್ಧ ಕಂಡೋರು

ನಮ್ಮ ಪಳ್ಳಿಕೂಡದಲ್ಲಿ ಪಾಠ ಹೇಳೋ ವಾದ್ಯಾರು ಮಕ್ಕಳಿಗೆ ಹೇಳಿದ್ರಂತೆ: ಬಿಳಿಯರ ಕಾಲದ ಆ ದೊಡ್ಡ ಯುದ್ಧ ಕಂಡೋರು ಒಬ್ಬೊಬ್ರೇ ಹೋಗ್ತಾ ಇದ್ದಾರೆ, ಎಲ್ರೂ ಮರೆತ್ರೆ ಮತ್ತೆ ಅದೇ ಬರುತ್ತೆ, ಹೋಗಿ ಕೇಳ್ಕೊಂಡು ಬನ್ನಿ ಅಂತ. ಮಕ್ಕಳು ನೇರ ನನ್ನ ಮನೆಗೇ ಬಂದ್ವು.

"ಅತ್ತೆ, ನೀವು ಯುದ್ಧ ನೋಡಿದ್ದೀರಾ?"

"ನಾನಾಗ ಹುಟ್ಟೇ ಇರ್ಲಿಲ್ವೋ."

"ಬೀದೀಲಿ ಏನ್ ನಡೆದ್ರೂ ನಿಮಗೆ ಗೊತ್ತಿರುತ್ತೆ ಅಂದ್ರು ವಾದ್ಯಾರು."

ಬಂದ ಮಕ್ಕಳ್ನ ಬರಿಗೈಲಿ ಕಳಿಸೋದಾ? ನಾನೂ ಗಂಡನ್ನ ಹೆತ್ತ ನನ್ನ ಮಾಮಿಯಾರೂ ಒರಳುಕಲ್ಲಿಗೆ ಕಿತ್ತಾಡಿದ್ದು ಹೇಳ್ದೆ. ಅದನ್ನೇ ಒಂದು ಹುಡುಗಿ ಕ್ಲಾಸಲ್ಲಿ ಎದ್ದು ನಿಂತು ಒಪ್ಪಿಸಿದ್ಲು. "ಯಾರು ಗೆದ್ರಮ್ಮ?" ಅಂತ ವಾದ್ಯಾರು ಕೇಳಿದ್ರೆ, "ಇನ್ನೂ ಮುಗಿದಿಲ್ಲ ಸಾರ್, ನಾ ಬರೋವಾಗ್ಲೂ ನಡೀತಿತ್ತು" ಅಂದ್ಲಂತೆ.

ಹೋದೆ, ಬಂದೆ

ನಿಜವಾಗಿ ಯುದ್ಧ ಕಂಡೋರು ಬೀದೀಲಿ ಒಬ್ರೇ, ಮೂಲೆಮನೆ ತಾತ. ಪ್ರಾಯದಲ್ಲಿ ಸಿಪಾಯಿಯಾಗಿ ಬರ್ಮಾಕ್ಕೆ ಹೋಗಿ, ತಿರುಗಿ ಬಂದು ಮಗ್ಗದ ಗುಣೀಲಿ ಕಾಲಿಟ್ಟೋರು ಆ ಮಾತೇ ಎತ್ತಿಲ್ಲ. ಹೆಂಡ್ತಿ ಕೇಳಿ ಕೇಳಿ, ಕೇಳ್ತಾನೇ ಹೋಗಿಬಿಟ್ಲು.

ಮಕ್ಕಳು ಹೋಗಿ ಕೇಳಿದ್ವು. "ಹೋದೆ, ಬಂದೆ" ಅಂದ್ರು ತಾತ.

"ನಡುವೆ ಏನಾಯ್ತು ತಾತಾ?"

"ನಡುವೆ ಮಳೆ." ಅಷ್ಟೇ, ಮತ್ತೆ ಮಗ್ಗದ ಲಟಕ್ ಪಟಕ್.

ಇವರೂ ಹೇಳದೆ ಹೋಗಿಬಿಟ್ರೆ ಮಕ್ಕಳಿಗೆ ಹೇಳೋರು ಯಾರು ಅಂತ ವಾದ್ಯಾರಿಗೆ ಸಂಕಟ. ತಾವೇ ಹೋಗಿ ಕೂತ್ರು. ತಾತ ಕಾಫಿ ಕೊಟ್ರು, ಜರಿ ತೋರಿಸಿದ್ರು, ಅಂಚು ತೋರಿಸಿದ್ರು. ಯುದ್ಧದ ಒಂದು ಮಾತೂ ಸಿಗದೆ ವಾದ್ಯಾರು ಕಂಕುಳಲ್ಲಿ ತಾತನ ಹತ್ರ ಕೊಂಡ ಒಂದು ರೇಷ್ಮೆ ಪಟ್ಟು ಸೀರೆ ಇಟ್ಕೊಂಡು ಮನೆಗೆ ಹೋದ್ರು. ಅವರ ಹೆಂಡ್ತಿ, "ನಾಳೆನೂ ಹೋಗಿ ಕೇಳಿ ನೋಡಿ" ಅಂದ್ಲಂತೆ.

ಯಾರು ಹೋದ್ರು?

ಕೊನೆಗೆ ವಾದ್ಯಾರೇ ಒಂದು ಯೋಚ್ನೆ ಮಾಡಿದ್ರು. ಯುದ್ಧದಲ್ಲಿ ಸತ್ತೋರ ನೆನಪಿಗೆ ಒಂದು ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಬೀದಿಯೆಲ್ಲ ಎರಡು ನಿಮಿಷ ಮೌನ. ಮಕ್ಕಳು ಮನೆಮನೆಗೆ ಹೇಳಿಬಂದ್ವು. ವಾದ್ಯಾರು ಮಕ್ಕಳ್ನ ಕರ್ಕೊಂಡು ಬೀದೀಲೇ ನಿಂತ್ರು, ನಾವು ಮಗ್ಗ ನಿಲ್ಲಿಸಿದ್ವಿ. ನಿಲ್ಲಿಸಿದ ಮೇಲೆ ಹೆಂಗೂ ಎದ್ದಾಯ್ತಲ್ಲ ಅಂತ ಕಾಫಿಗೆ ಕೂತ್ವಿ. ಎರಡು ನಿಮಿಷ ಅರ್ಧ ಗಂಟೆ ಆಯ್ತು.

ನಮ್ಮಲ್ಲಿ ಹಗಲು ಹೊತ್ತು ಬೀದಿ ಮಗ್ಗವೆಲ್ಲ ಒಟ್ಟಿಗೆ ನಿಲ್ಲೋದು ಸಾವಾದ್ರೆ ಮಾತ್ರ. ಸದ್ದು ನಿಂತ್ರೆ ಸಾಕು, ಹಿಂದಿನ ಬೀದಿಗೆ ಯಾರೂ ಹೇಳಿ ಕಳಿಸಬೇಕಿಲ್ಲ. ಆ ಬೀದಿಗೆ ಮೌನದ ವಿಷಯ ಯಾರೂ ಹೇಳಿರ್ಲಿಲ್ಲ. "ತಾತನೇ ಇರ್ಬೇಕು, ವಾರದಿಂದ ಕೆಮ್ತಾ ಇದ್ರು" ಅಂತ ಅವರೇ ತೀರ್ಮಾನ ಮಾಡಿ, ಮಾಲೆ ಹಿಡ್ಕೊಂಡು ಓಡಿಬಂದ್ರು.

ಎಲ್ರಿಗಿಂತ ಮುಂದೆ ಒಪ್ಪಾರಿ ಅಕ್ಕ. ಸಾವಿನ ಮನೇಲಿ ಹಾಡಿ ಅಳೋದ್ರಲ್ಲಿ ಅವಳನ್ನ ಮೀರಿಸೋರಿಲ್ಲ. ಬೀದಿ ತುದೀಲೇ ತಲೆ ಬಿಚ್ಕೊಂಡು, "ಬಂಗಾರದ ಅಣ್ಣಾ, ಹೋದ್ಯಾ" ಅಂತ ಶುರು ಮಾಡಿದ್ಲು. ಅಣ್ಣ ಅನ್ನಿಸ್ಕೊಂಡ ತಾತ ಮನೆಮುಂದಿನ ತಿಣ್ಣೆ ಮೇಲೆ ಕೂತೇ, "ಇಲ್ಲಮ್ಮ, ಕಾಫಿ ಕುಡೀತಿದ್ದೀನಿ" ಅಂದ್ರು.

ಮಾಲೆ ತಂದೋರ ಕೈಯೆಲ್ಲ ಬೆನ್ನ ಹಿಂದೆ ಹೋಯ್ತು. ಒಪ್ಪಾರಿ ಅಕ್ಕನಿಗೆ ಮಾತ್ರ ಕೋಪ. "ಮತ್ತೆ ಸತ್ತಿದ್ಯಾರು?"

"ಯುದ್ಧದಲ್ಲಿ ಸತ್ತೋರು" ಅಂತು ಒಂದು ಮಗು.

"ಹೆಸ್ರು ಹೇಳು. ಸುಮ್ನೆ ಯಾರಿಗೋ ಅಳೋಕಾಗುತ್ತಾ?"

ತಾತ ಲೋಟ ಕೆಳಗಿಟ್ರು.

"ಪಳನಿ ಅಂತ ಒಬ್ಬ ಇದ್ದ. ವೆಳ್ಳಕೋಯಿಲ್ ಕಡೆಯೋನು. ಅವನಿಗೆ ಯಾರೂ ಅತ್ತಿಲ್ಲ."

ಅಕ್ಕ ಅಲ್ಲೇ ಕೂತ್ಲು. "ತಾಯಿ ಇದ್ಲಾ? ಹೇಗ್ ಹೋದ? ಎಲ್ಲ ಹೇಳಣ್ಣ, ಗೊತ್ತಿದ್ರೆ ತಾನೇ ಅಳು ಬರೋದು."

ತಾತ ಹೇಳಿದ್ರು. ಮಳೇಲಿ ಕಾಡು ದಾಟಿದ್ದು, ಪಳನಿಗೆ ಜ್ವರ ಬಂದದ್ದು, ಇವರು ಹೊತ್ಕೊಂಡು ನಡೆದದ್ದು, ಬೆಳಿಗ್ಗೆ ಇಳಿಸಿ ನೋಡಿದ್ರೆ ಉಸಿರೇ ಇಲ್ಲದಿದ್ದದ್ದು.

"ಹಾಡೋಕೆ ಅವನ ಗುಣ ಏನಾದ್ರೂ ಹೇಳಣ್ಣ."

"ಗೊರಕೆ ಹೊಡೀತಿದ್ದ. ಅದು ಕೇಳ್ತಿದ್ರೆ ನನಗೆ ಧೈರ್ಯ."

ಅಕ್ಕ ಗಂಟಲು ಸರಿ ಮಾಡ್ಕೊಂಡು ಎತ್ತಿದ್ಲು: "ಗೊರಕೆ ಹೊಡೆದು ಹುಲಿ ಓಡಿಸಿದ ಪಳನಿ ತಮ್ಮಾ..."

ಬೀದಿಯೆಲ್ಲ ಅಳ್ತಾನೂ ಇತ್ತು, ನಗ್ತಾನೂ ಇತ್ತು. ತಾತ ಕಣ್ಣೊರೆಸ್ಕೊಂಡು, "ಹುಲಿ ಇರ್ಲಿಲ್ಲಮ್ಮ" ಅಂದ್ರು.

"ನೀ ಸುಮ್ನಿರಣ್ಣ, ಅಳೋಳು ನಾನು."