ಮಾವನವರ ಅಡ್ಡಾದಿಡ್ಡಿ ಅಂಕಿಗಳು

ನನ್ನ ಮಾವನವರಿಗೆ ಕಳ್ಳರ ಭಯವಿಲ್ಲ, ಪುಣೆಯ ಟ್ರಾಫಿಕ್ಕಿನ ಭಯವೂ ಇಲ್ಲ. ಸಲೀಸಾಗಿ ಹೊಂದಿಕೊಂಡ ಲೆಕ್ಕ ಕಂಡರೆ ಮಾತ್ರ ಬೆವರುತ್ತಾರೆ!

ಅವರ ಕಸುಬೇ ಹಾಗೆ. ಗೊತ್ತುಗುರಿಯಿಲ್ಲದಂತೆ ಕಾಣುವ ಅಂಕಿಗಳನ್ನು ಗೊತ್ತುಗುರಿ ಇಟ್ಟುಕೊಂಡು ತಯಾರಿಸುವುದು! ಕಂಪ್ಯೂಟರಿನೊಳಗೆ ಮಳೆ, ಅಪಘಾತ, ಜನಜಂಗುಳಿಯನ್ನು ಆಡಿಸಿ ನೋಡುವವರಿಗೆ ಇಂಥ ಅಂಕಿಗಳು ಬೇಕಂತೆ. ಇದಕ್ಕೂ ನೌಕರಿ ಇದೆ ಎಂದರೆ ನಂಬುತ್ತೀರಾ?

ಪುಣೆಯ ಧನಕವಡಿ ಬಡಾವಣೆಯ ನಮ್ಮ ಮನೆಗೆ ಬಂದವರಿಗೆ ಮೊದಲು ಚಹಾ ಅಲ್ಲ, ಪರೀಕ್ಷೆ. "ಒಂದರಿಂದ ಹತ್ತರೊಳಗ ಒಂದು ಅಂಕಿ ಹೇಳ್ರಿ." ಹೆಚ್ಚಿನವರು ಏಳು ಎನ್ನುತ್ತಾರೆ. ಮಾವನವರಿಗೆ ಸ್ವರ್ಗ ಮೂರೇ ಗೇಣು! "ನೋಡ್ರಿ, ಮನಷ್ಯಾಗ ಮನಸ್ಸಿಗೆ ಬಂದಂಗ ಹೇಳಾಕೂ ಬರೂದಿಲ್ಲ!" ಸೊಸೈಟಿಯ ತಂಬೋಲಾ ಆಟದಲ್ಲಿ ಅಂಕಿಗಳ ಚೀಲ ಹಿಡಿದಿದ್ದ ಪಕ್ಕದ ಮನೆಯ ಮರಾಠಿ ಕಾಕೂಗೆ "ಅಜೂನ್ ಹಲವಾ, ಅಜೂನ್", ಇನ್ನೂ ಅಲ್ಲಾಡಿಸಿ, ಇನ್ನೂ, ಎಂದು ಎಷ್ಟು ಕುಲುಕಿಸಿದರೆಂದರೆ, ಅವರು ಚೀಲವನ್ನು ಮಾವನವರ ಮಡಿಲಿಗೇ ಹಾಕಿ ಮನೆಗೆ ಹೋದರು.

ಕಳೆದ ಮಳೆಗಾಲದವರೆಗೆ ನಾನೂ ನಗುತ್ತಿದ್ದೆ. ಲೋಣಾವಳಾ ಘಾಟಿನಲ್ಲಿ ಎಷ್ಟು ಆಂಬುಲೆನ್ಸ್ ನಿಲ್ಲಿಸಬೇಕೆಂಬ ಲೆಕ್ಕ ಆಗ ಆಫೀಸಿನಲ್ಲಿ ನನ್ನ ಪಾಲಿಗೆ ಬಂತು. ಸೋಮವಾರ ವರದಿ ಒಪ್ಪಿಸಬೇಕು, ಅದರಂತೆ ಗಾಡಿಗಳು ನಿಲ್ಲುತ್ತವೆ. ಘಾಟಿನ ಮಳೆ, ಅಪಘಾತಗಳನ್ನು ಬೇರೆಬೇರೆ ಥರ ಆಡಿಸಿ ನೋಡಲೆಂದು ಲೆಕ್ಕವನ್ನು ಅರವತ್ತನಾಲ್ಕು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಓಡಿಸಿದೆ. ಎಲ್ಲವೂ ಒಕ್ಕೊರಲಿನಿಂದ "ಎರಡು ಸಾಕು" ಎಂದವು.

"ಮಾವ, ನೋಡಿ, ಒಂಚೂರೂ ಡಿಫರೆನ್ಸ್ ಇಲ್ಲ!" ಎಂದು ಬೀಗಿದೆ.

ಮಾವನವರು ಬೆವರಿದರು. "ಅರವತ್ನಾಕು ಮಂದಿ ಒಂದ ಮಾತು ಹೇಳಿದ್ರ, ಮಾತಾಡಿದಾಂವ ಒಬ್ಬನ ಅಂತ ತಿಳ್ಕೋ ಯವ್ವಾ. ಬೀಜ ಏನ್ ಕೊಟ್ಟಿ?"

ಬೀಜವೆಂದರೆ ಅಂಕಿಗಳ ಸಾಲು ಹುಟ್ಟುವ ಮೊದಲ ಅಂಕಿ; ಬೀಜ ಒಂದೇ ಆದರೆ ಸಾಲೂ ಒಂದೇ. ನಾನು ಎಲ್ಲಕ್ಕೂ ಒಂದೇ ಬೀಜ ಕೊಟ್ಟಿದ್ದೆ. ಅದೂ ಯಾವುದು? ಏಳು! ಅರವತ್ತನಾಲ್ಕೂ ಅದೇ ಮಳೆ, ಅದೇ ಅಪಘಾತ ಕಂಡು ಗಿಣಿಪಾಠ ಒಪ್ಪಿಸಿದ್ದವು.

ಮಾವನವರು ಭಾನುವಾರವಿಡೀ ಊಟ ಮರೆತು ಕೂತರು. ಒಂದೊಂದು ಕಂಪ್ಯೂಟರಿಗೂ ಇನ್ನೊಂದರ ಜಾಡು ತುಳಿಯದ ಬೇರೆಯೇ ಸಾಲು ಹೊಂದಿಸಿಕೊಟ್ಟರು. ಎಂಥ ಕೈಚಳಕ! ಈ ಸಲ ಉತ್ತರಗಳು ತಮ್ಮತಮ್ಮಲ್ಲೇ ಜಗಳವಾಡಿದವು. ಎಲ್ಲವನ್ನೂ ಕೂಡಿಸಿ ನೋಡಿದರೆ ಐದು ಗಾಡಿ ಬೇಕು.

"ವರದಿಯಲ್ಲಿ ನಿಮ್ಮ ಹೆಸರೂ ಹಾಕ್ತೀನಿ, ಮಾವ" ಎಂದೆ.

ಅವರು ಕನ್ನಡಕ ತೆಗೆದು ಒರೆಸತೊಡಗಿದರು. "ನನ್ನ ಹೆಸರು ಬ್ಯಾಡ. ನಿಮ್ಮ ಅತ್ತೆಗೆ ಎದಿನೋವು ಬಂದಾಗ ನಾವು ಅದ ಘಾಟಿನಾಗ ಇದ್ವಿ. ಎರಡು ಗಾಡಿ ಇದ್ವು. ಎರಡೂ ಬ್ಯಾರೆ ಕಡೆ ಹೋಗಿದ್ವು."

ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡ ಅತ್ತೆಯ ಬಗ್ಗೆ ಅವರು ಬಾಯಿ ಬಿಟ್ಟಿದ್ದು ಅದೇ ಮೊದಲು. ನನಗೆ ಅಳು ತಡೆಯಲಾಗಲಿಲ್ಲ.

"ಐದು ಅನ್ನೂದನ್ನ ದಪ್ಪ ಅಕ್ಷರದಾಗ ಬರಿ" ಎಂದರು. ಬರೆದೆ.